ಶಂಖದ ಮೀನುಗಳಿಗೆ ತಣ್ಣೀರು

ಕುವೈತಿನ ಸಲ್ವಾದಲ್ಲಿದ್ದ ನಮ್ಮ ಹಳೆಯ ಫ್ಲಾಟಿನಲ್ಲಿ ಮೀನು ಬೇಯಿಸಿದ್ದಿಲ್ಲ, ಸಾಕಿದ್ದುಂಟು. ಕಿರುಬೆರಳಿನಷ್ಟೂ ಇಲ್ಲದ ಸಿಕ್ಲಿಡ್‌ಗಳು. ಖಾಲಿ ಶಂಖಗಳೇ ಅವುಗಳ ಮನೆ. ರಾಯ್ ಎಂಬಲ್ಲಿನ ಶುಕ್ರವಾರದ ಸಂತೆಯಿಂದ ಅವನ್ನು ತಂದಾಗ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ. ಅಪ್ಪ ಸಮುದ್ರದ ದಂಡೆಯಲ್ಲಿ ಸಣ್ಣ ಶಂಖಗಳನ್ನು ಆರಿಸಿ ತಂದರು. ಅವನ್ನು ಕುದಿಸಲು ಅವ್ವ ಹಳೆಯ ಪಾತ್ರೆಯೊಂದನ್ನು ಕೊಟ್ಟಳು.

"ತಗೋ. ಆದರ ಇದು ಮತ್ತ ಅಡಗಿಮನಿ ಹೊಸ್ತಲಾ ದಾಟಬಾರ್ದು ನೋಡು."

"ಪಾತ್ರಿದು ಇಕಾಮಾ ಖಲಾಸ್," ಎಂದು ಅಪ್ಪ, ವಾಸದ ಪರವಾನಗಿ ಮುಗಿದವರ ಬಗ್ಗೆ ಹೇಳುವಂತೆ ಹೇಳಿ ನಕ್ಕರು. "ಇನ್ನ ದೇಶಾ ಬಿಡಬೇಕು ಅದು."

ಮೀನುಗಳು ಮರಳನ್ನು ಬಾಯಲ್ಲಿ ತುಂಬಿ ಉಗುಳುತ್ತ, ತಮಗೆ ಬೇಕಾದ ಹಾಗೆ ಶಂಖಗಳನ್ನು ಹೂತುಕೊಂಡವು. ಬೇಸಿಗೆಯೆಲ್ಲ ಮರಿಗಾಗಿ ಕಾದೆ. ನವೆಂಬರಿನಲ್ಲಿ ಒಂದು ಶಂಖದ ಬಾಯಲ್ಲಿ ಎಳ್ಳಿಗಿಂತ ತುಸು ದೊಡ್ಡ ಮರಿಗಳು ಕಂಡವು.

ನಾನು ತರಗತಿಗೆ ಹೋದಾಗ ಅಕ್ವೇರಿಯಂನ ನೀರು ಬದಲಿಸುವುದು ಅವ್ವನ ಕೆಲಸ. ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಹಾಗಾಗಿ ಗೀಸರ್ ಆರಿಸಿಟ್ಟು, ಅದರೊಳಗೆ ನಿಂತು ತಣಿದ ನೀರನ್ನು ಕೆಂಪು ಗುರುತಿನ ನಲ್ಲಿಯಿಂದ ಹಿಡಿಯುತ್ತೇವೆ. ಮರಿಗಳು ಕಂಡ ವಾರವೇ ಒಂದು ದಿನ ಮೊದಲ ಚಳಿ ಬಿದ್ದಿತ್ತು. ಅಪ್ಪ ಸ್ನಾನಕ್ಕೆ ಗೀಸರ್ ಹಾಕಿ, ಹಾಗೆಯೇ ಬಿಟ್ಟು ಅರ್ದಿಯಾದಲ್ಲಿದ್ದ ವರ್ಕ್‌ಶಾಪಿಗೆ ಹೋಗಿದ್ದರು. ಅವ್ವ ರೂಢಿಯಂತೆ ಕೆಂಪು ನಲ್ಲಿ ತಿರುಗಿಸಿ ಬಕೆಟ್ ತುಂಬಿದಳು. ಒಂದು ಚೊಂಬು ಸುರಿದ ಮೇಲೆಯೇ ಗಾಜಿನ ಮೇಲೆ ಆವಿ ಕಂಡಿದ್ದು.

ನಾನು ಬಂದಾಗ ಅವಳು ಅಕ್ವೇರಿಯಂ ಮುಂದೆ ನೆಲದ ಮೇಲೆ ಕುಳಿತಿದ್ದಳು. ಒಂದು ಮೀನೂ ಹೊರಗಿರಲಿಲ್ಲ.

"ಬಿಸಿನೀರು ಹಾಕಿಬಿಟ್ಟೆ ನಾ. ಎಲ್ಲಾ ಒಳಗ ಹೊಕ್ಕಾವು. ಜೀವಂತ ಅದಾವೋ ಇಲ್ಲೋ ತಿಳೀವಲ್ದು."

"ಶಂಖಾ ಎತ್ತಿ ನೋಡ್ಲೇನವ್ವಾ?"

"ಬ್ಯಾಡ. ಬಾಣಂತಿ ಖೋಲಿಗೆ ಹಂಗ ನುಗ್ಗಬಾರ್ದು."

ಇಬ್ಬರೂ ಕುಳಿತೆವು. ಇಟ್ಟ ಚಹಾ ಆರಿತು. ಸಂಜೆಗೆ ಮರಳು ಅಲುಗಿತು. ತಾಯಿ ಮೀನು ಮೂತಿ ಹೊರಗಿಟ್ಟು, ಒಂದು ಬಾಯಿ ಮರಳನ್ನು ನಮ್ಮ ಕಡೆಗೇ ಉಗುಳಿತು. ಅದರ ಹಿಂದೆ ಒಂದು ಮರಿ, ಆಮೇಲೆ ಉಳಿದವು.

"ನನಗಽ ಉಗುಳಿದ್ಳು ನೋಡು," ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಉಗುಳ್ಲಿ ತಗೋ."

ಅಂದಿನಿಂದ ಅವಳು, ಕೂಸಿಗೆ ಎರೆಯುವ ನೀರು ನೋಡುವಂತೆ, ಬಕೆಟ್ಟಿಗೆ ಮೊಣಕೈ ಅದ್ದದೆ ಮೀನುಗಳಿಗೆ ನೀರು ಹಾಕಲಿಲ್ಲ.

ಅಪ್ಪನ ನೌಕರಿ ಮುಗಿದು ಅವರಿಬ್ಬರೂ ಧಾರವಾಡ ಸೇರಿದರು. ನಾನು ಇಲ್ಲೇ ಕೆಲಸ ಹಿಡಿದೆ. ಆ ಮರಿಗಳ ಮರಿಗಳು ನನ್ನ ಬಳಿ ಇವೆ. ಪಾತ್ರೆಯೂ ಇದೆ, ಅಕ್ವೇರಿಯಂನ ಕೆಳಗೆ. ಅಡುಗೆಮನೆಗೆ ಅದನ್ನು ನಾನೂ ಒಯ್ದಿಲ್ಲ. ಕುವೈತಿನಲ್ಲಿ ಚಳಿ ಶುರುವಾಯಿತೆಂದು ತಿಳಿದರೆ ಅವ್ವ ಫೋನಿನಲ್ಲಿ ಮೊದಲು ಕೇಳುವುದು ನನ್ನ ಆರೋಗ್ಯವನ್ನಲ್ಲ.

"ಮೊಣಕೈ ಅದ್ದಿ ನೋಡಿದ್ಯೇನವಾ?"

"ಹೂಂ ಅವ್ವಾ," ಎನ್ನುತ್ತೇನೆ. ಫೋನು ಹಿಡಿಯದ ಕೈ ಇನ್ನೂ ಒದ್ದೆಯಾಗಿರುತ್ತದೆ.