ಮಲ್ಲಿಗೆಯನ್ನು ಕೇಳಿಸಿಕೊಂಡವಳು

ಫಿಲೊಮಿನಾಳಿಗೆ ಹುಟ್ಟಿನಿಂದಲೂ ವಾಸನೆ ಗೊತ್ತಾಗುತ್ತಿರಲಿಲ್ಲ. ಹಾಲು ಸೀದರೂ ಇಲ್ಲ, ಚರಂಡಿ ತುಂಬಿ ಹರಿದರೂ ಇಲ್ಲ. “ನನ್ ಮೂಗು ಇರೋದೇ ಕನ್ನಡಕ ನಿಲ್ಸೋಕೆ ಕಣೇ” ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಇಂಥವಳು ಆರಿಸಿಕೊಂಡದ್ದು ವಾಸನೆಯ ಸಂಶೋಧನೆಯನ್ನು. ಅದರಲ್ಲಿ ನನ್ನನ್ನು ಮೀರಿಸಿಯೂ ಬಿಟ್ಟಳು. ನನ್ನ ಮೂಗೋ, ನಮ್ಮ ಮನೆತನದಲ್ಲೇ ಹೆಸರಾದ ಮೂಗು. ಎದುರುಮನೆಯವರು ಸಾರಿಗೆ ಇಂಗು ಹಾಕಲು ಮರೆತರೆ ನಮ್ಮ ಬಾಗಿಲಲ್ಲೇ ನಿಂತು ಹೇಳಬಲ್ಲೆ. ನನಗೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನಾವಿಬ್ಬರೂ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದೆವು. ಬಾಳೆಹಣ್ಣು ಕಳಿತರೆ ಸುತ್ತ ಮುತ್ತಿಕೊಳ್ಳುತ್ತವಲ್ಲ, ಆ ಪುಟಾಣಿಗಳು. ನೊಣ ಮೂಸುವುದು ತಲೆಯ ಮುಂದೆ ಚಾಚಿಕೊಂಡ ಕುಡಿಮೀಸೆಯಿಂದ. ಅದರ ತುಂಬ ಬರಿಗಣ್ಣಿಗೆ ಕಾಣದ ಕೂದಲುಗಳು, ಒಂದೊಂದು ಕೂದಲಿನೊಳಗೂ ಕೆಲವು ನರಕೋಶಗಳು. ಗಾಳಿಯಲ್ಲಿ ತೇಲಿಬಂದ ವಾಸನೆಯ ಕಣ ಆ ಕೋಶಕ್ಕೆ ಹೊಂದಿಕೊಂಡರೆ ಅದರಲ್ಲಿ ವಿದ್ಯುತ್ತಿನ ಮಿಡಿತ ಏಳುತ್ತದೆ, ಮಿಡಿತ ಮಿದುಳಿಗೆ ಹೋಗುತ್ತದೆ. ಒಂದು ಕೋಶಕ್ಕೆ ಹಿಡಿಸಿದ ವಾಸನೆ ಪಕ್ಕದ ಕೋಶಕ್ಕೆ ಹಿಡಿಸಬೇಕೆಂದಿಲ್ಲ. ನಮ್ಮ ಮೂಗಿನ ಮೇಲ್ಭಾಗದಲ್ಲಿರುವ ಕೋಶಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ತೀರ ಸಣ್ಣ ಗಾಜಿನ ಸೂಜಿಯನ್ನು ಆ ಕೂದಲಿಗೆ ಚುಚ್ಚಿ, ಒಳಗಿನ ಮಿಡಿತವನ್ನು ಸ್ಪೀಕರಿನಲ್ಲಿ ಕೇಳುವುದು ನಮ್ಮ ಕೆಲಸ. ಸುಮ್ಮನಿದ್ದಾಗ ಎಲ್ಲೋ ಒಮ್ಮೆ ಟಕ್ ಎನ್ನುತ್ತದೆ. ವಾಸನೆ ಹಿಡಿಸಿತೋ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ.

ಫಿಲೊಮಿನಾ ಚಪ್ಪಲಿ ಬಿಚ್ಚಿ ಮೇಜಿನ ಕೆಳಗೆ ತಳ್ಳಿ ಕೂತಳೆಂದರೆ ಕೋಶ ಸಿಕ್ಕಿತೆಂದೇ ಅರ್ಥ. “ಮಾತಾಡಮ್ಮ, ನಾಚ್ಕೋಬೇಡ” ಎಂದು ನೊಣವನ್ನು ಪುಸಲಾಯಿಸುವಳು. ಅದೂ ಮಾತಾಡುತ್ತಿತ್ತು, ಹಾಳಾದ್ದು. ನಾನು ಕೂತರೆ ಸೂಜಿ ಮುರಿಯುತ್ತಿತ್ತು, ಇಲ್ಲವೇ ನೊಣ ಸಾಯುತ್ತಿತ್ತು. “ಬುಡು ಶಶಿ, ನಾಳೆ ಸಿಕ್ತದೆ” ಎಂದು ಅವಳು ಸಮಾಧಾನ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಕೋಶವನ್ನು ನನ್ನ ಕೈಯಾರೆ ಹಿಡಿಯಬೇಕು, ಅದನ್ನು ಅವಳು ಕಣ್ಣಾರೆ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಅವಳಿಗಿಂತ ಮೇಲಾಗುತ್ತಿದ್ದದ್ದು ಊಟದ ಹೊತ್ತಿನಲ್ಲಿ ಮಾತ್ರ. ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದು, “ನಿನ್ನೆ ಪಲ್ಯ, ತಿನ್ಬೋದಾ ನೋಡೇ” ಎಂದು ಕೇಳುವಳು. ನಾನು ಬೇಕೆಂದೇ ನಿಧಾನವಾಗಿ ಮೂಸುತ್ತಿದ್ದೆ.

ಒಂದು ಶುಕ್ರವಾರ ಅವಳು ಒಳ್ಳೆಯ ಕೋಶವೊಂದನ್ನು ಹಿಡಿದಿಟ್ಟು, ನೋಡಿಕೋ ಎಂದು ನನ್ನನ್ನು ಕೂರಿಸಿ ಊಟಕ್ಕೆ ಹೋದಳು. ನಾನು ಬಗ್ಗಿ ಖಾಲಿ ನಳಿಗೆಯಿಂದ ಬರಿಯ ಗಾಳಿ ಊದಿದೆ. ಚಟಪಟ. ಮತ್ತೆ ಊದಿದೆ, ಮತ್ತೆ ಚಟಪಟ. ವಾಸನೆಯಿಲ್ಲದ ಗಾಳಿಗೇ ಮಿಡಿಯುವ ಕೋಶ. ಯಾರೂ ಕಾಣದ್ದನ್ನು ಕಂಡೆನೆಂದು ಓಡಿಹೋಗಿ ನಮ್ಮ ಸರ್ ಅವರನ್ನು ಕರೆತಂದೆ. ಅಷ್ಟರಲ್ಲಿ ಫಿಲೊಮಿನಾ ಕೈ ತೊಳೆದು ಬಂದು ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ ಕೇಳಿದಳು.

“ಗಾಳಿ ಊದ್ಬೇಡ. ಸುಮ್ನೆ ಬಗ್ಗು.”

ಬಗ್ಗಿದೆ. ಚಟಪಟ.

“ಇವತ್ತು ಹೂವ ಮುಡ್ಕೊಂಡ್ ಬಂದ್ಬುಟ್ಟಿದ್ದೀಯಾ. ಮಲ್ಲಿಗೆ ಅಲ್ವಾ? ಹೋದ ವಾರ ಮಲ್ಲಿಗೆ ಎಣ್ಣೆ ಹಿಡಿದಾಗ್ಲೂ ಇಂಗೇ ಮಾತಾಡ್ತಿತ್ತು.”

ಬೆಳಿಗ್ಗೆ ಅಮ್ಮ ಮುಡಿಸಿದ್ದ ಮಲ್ಲಿಗೆ. ಹೂ ಮುಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಅದರ ವಾಸನೆ ತಿಳಿಯುವುದಿಲ್ಲ. ಒಂದೇ ವಾಸನೆಗೆ ಕೋಶಗಳೂ ದಣಿಯುತ್ತವೆ, ಮಿದುಳೂ ಅದನ್ನು ಕೈಬಿಡುತ್ತದೆ. ಇದನ್ನು ಪಾಠ ಹೇಳುವವಳೇ ನಾನು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲಿಗೆಯ ವಾಸನೆ ಏನೆಂದೇ ಗೊತ್ತಿಲ್ಲದವಳು ನನ್ನ ಜಡೆಯ ಮಲ್ಲಿಗೆಯನ್ನು ಹಿಡಿದಿದ್ದಳು. ಮುಂದಿನ ವಾರವೆಲ್ಲ ನಾನು ಅವಳ ಡಬ್ಬಿ ಮೂಸಲಿಲ್ಲ.

ಹೋದ ವರ್ಷ ಅವಳಿಗೆ ಧಾರವಾಡದಲ್ಲಿ ಕೆಲಸ ಸಿಕ್ಕಿತು. ಹೊರಡುವ ತಿಂಗಳಲ್ಲೇ ಅವಳ ಅಮ್ಮ ತೀರಿಕೊಂಡರು. ಕೊನೆಯ ದಿನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿದ ಒಂದು ಹಳೆಯ ಸೀರೆ ತಂದಳು.

“ಅಮ್ಮಂದು. ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನು ಸೋಸೋವಾಗ ಇದನ್ನೇ ಉಡೋರು. ಅಕ್ಕಂದಿರು ಮೂಸಿ ಮೂಸಿ ಅತ್ರು. ಅಮ್ಮನ ವಾಸನೆ, ಅಮ್ಮನ ವಾಸನೆ ಅಂತ. ನಾನು ಬಟ್ಟೆ ಹಿಡ್ಕೊಂಡು ಸುಮ್ನೆ ನಿಂತಿದ್ದೆ ಕಣೇ.” ಚೀಲವನ್ನು ನನ್ನ ಕೈಗಿಟ್ಟು ಹೇಳಿದಳು, “ಇವತ್ತು ಸೂಜಿ ಹಿಡಿಯೋಕೆ ನನ್ ಕೈಲಾಗಲ್ಲ. ನೀನೇ ಒಂದು ಕೋಶ ಹಿಡ್ಕೊಡು.”

ಸೆರಗಿನ ತುಣುಕನ್ನು ಗಾಜಿನ ನಳಿಗೆಗೆ ತುಂಬಿ, ಅದರ ಮೂಲಕ ಗಾಳಿ ಬಿಡಲು ಅವಳು ಕೂತಳು. ನಾನು ಉಸಿರು ಬಿಗಿಹಿಡಿದು ಸೂಜಿ ಚುಚ್ಚಿದೆ. ಟಕ್ ಎಂದಿತು. ಸಿಕ್ಕಿತ್ತು. ಅವಳು ಗಾಳಿ ಬಿಟ್ಟಳು. ಕೋಶ ಜಗ್ಗಲಿಲ್ಲ.

“ಇದಕ್ಕೆ ಅಮ್ಮ ಗೊತ್ತಿಲ್ಲ. ಇನ್ನೊಂದು ನೋಡು.”

ಪಕ್ಕದ ಕೂದಲಿಗೆ ಚುಚ್ಚಿದೆ. ಈ ಸಲ ಸ್ಪೀಕರು ಸಿಡಿದೆದ್ದಿತು. ಫಿಲೊಮಿನಾ ಅದಕ್ಕೆ ಕಿವಿ ಒತ್ತಿ ಕಣ್ಣು ಮುಚ್ಚಿದಳು. ಮತ್ತೆ ಗಾಳಿ ಬಿಟ್ಟಳು, ಮತ್ತೆ ಮತ್ತೆ ಬಿಟ್ಟಳು.

“ಅಮ್ಮ ಮಾತಾಡೋದೇ ಇಂಗೆ, ಜೋರಾಗಿ” ಎಂದಳು.

ಇಷ್ಟು ವರ್ಷ ನಾನು ಕಾದಿದ್ದ ಕೋಶ ನನ್ನ ಕೈಗೆ ಸಿಕ್ಕಿತ್ತು, ಅವಳ ಎದುರಿಗೇ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗ ನನಗೆ ಹೊಟ್ಟೆಕಿಚ್ಚಾದದ್ದು ಅವಳ ಮೇಲಲ್ಲ, ಆ ಸತ್ತ ತಾಯಿಯ ಮೇಲೆ.

ಆ ಸಂಜೆ ಅವಳನ್ನು ಬಸ್ಸು ಹತ್ತಿಸಿ ಚಾಮರಾಜಪುರಂನ ನಮ್ಮ ಮನೆಗೆ ಬಂದೆ. ಅಮ್ಮ ಒಗ್ಗರಣೆ ಹಾಕುತ್ತಿದ್ದರು. ಹಿಂದಿನಿಂದ ಹೋಗಿ ಅವರ ಸೆರಗು ಹಿಡಿದು ಮೂಸಿದೆ.

“ಏನಾಯ್ತೇ ನಿಂಗೆ?”

ಕರಿಬೇವು ತಿಳಿಯಿತು, ಬಟ್ಟೆಸೋಪು ತಿಳಿಯಿತು. ಅಮ್ಮನ ವಾಸನೆ ಮಾತ್ರ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಜೊತೆಗೇ ಇರುವವಳಿಗೆ ಹೇಗೆ ತಿಳಿದೀತು? ಸೆರಗನ್ನು ಮುಖಕ್ಕೆ ಒತ್ತಿಕೊಂಡು ಇನ್ನೊಮ್ಮೆ ಮೂಸಿದೆ. ಬಾಣಲೆಯಲ್ಲಿ ಸಾಸಿವೆ ಚಟಪಟ ಎನ್ನುತ್ತಿತ್ತು.