ಮಾವನ ತಲೆಯೊಳಗೆ ಅತ್ತೆ ಹುಡುಕಿದ್ದು

ಮೊನ್ನೆ ದಾವಣಗೆರೆಯಲ್ಲಿ ಕ್ಷೌರಕ್ಕೆ ಕೂತಿದ್ದಾಗ, ನನ್ನ ಅಳಿದುಳಿದ ಕೂದಲಿಗೆ ಅಂಗಡಿಯವನು ತಣ್ಣನೆಯ ಜೆಲ್ ಹಚ್ಚಿದ. ಈ ಬಟ್ಟಬಯಲಿಗೆ ಜೆಲ್ ಯಾಕೆ ಎಂದು ನೀವು ಕೇಳಬಹುದು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನೆತ್ತಿ ತಣ್ಣಗಾಗಿದ್ದೇ ತಡ, ಹರಿಹರದ ಮಾವ ನೆನಪಾದರು.

ಮಾವ ಎಂದರೆ ಅಮ್ಮನ ಅಣ್ಣ. ಮೊದಲೇ ಮಿತಭಾಷಿ, ನಿವೃತ್ತಿಯಾದ ಮೇಲೆ ಆ ಮಿತವಾದ ಮಾತನ್ನೂ ಬಿಟ್ಟರು. ನಲ್ಲಿ ತಿರುಗಿಸಿ ಚೊಂಬು ಹಿಡಿದವರು ಹಾಗೇ ನಿಂತುಬಿಡುತ್ತಿದ್ದರು. ನೀರು ತುಂಬಿ ಹರಿದು ಪಡಸಾಲೆಗೆ ಬಂದರೂ ಕದಲುತ್ತಿರಲಿಲ್ಲ. ಇದು ಮೂರ್ಛೆಯ ಜಾತಿಯದೇನೋ ಇರಬಹುದೆಂದು ಅಲ್ಲಿನ ಡಾಕ್ಟರು ದಾವಣಗೆರೆಯಲ್ಲಿ ಇಇಜಿ ಮಾಡಿಸಲು ಹೇಳಿದರು. ನೆತ್ತಿಗೆ ತಣ್ಣನೆಯ ಪೇಸ್ಟು ಮೆತ್ತಿ ತಂತಿ ಅಂಟಿಸಿ, ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಸುವ ಪರೀಕ್ಷೆ. ಅತ್ತೆಗೆ ಕಾಯಿಲೆಗಿಂತ ಬೇರೆಯದೇ ಚಿಂತೆ.

“ಅಳಿಯಾ, ಇವರ ತಲೆಯಾಗೆ ನಾನು ಅದೀನೋ ಇಲ್ಲೋ, ಅದೊಂದು ಗೊತ್ತಾದ್ರೆ ಸಾಕಪ್ಪ” ಎಂದು ನನ್ನ ಕಿವಿಯಲ್ಲಿ ಹೇಳಿ ಕಣ್ಣು ತುಂಬಿಕೊಂಡರು. ನನಗೆ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು.

ತಲೆಯಲ್ಲಿ ಎಣ್ಣೆ ಇದ್ದರೆ ತಂತಿ ಅಂಟುವುದಿಲ್ಲ. ಆದರೆ ಗಂಡನ ನೆತ್ತಿಗೆ ಎಣ್ಣೆ ತಟ್ಟದೆ ಹೊಸ್ತಿಲು ದಾಟಲು ಬಿಟ್ಟವರಲ್ಲ ನಮ್ಮತ್ತೆ. ಮೊದಲ ಸಲ ಆಸ್ಪತ್ರೆಯಿಂದ ವಾಪಸ್. ಎರಡನೇ ಸಲ ಶಾಂಪೂ ಹಾಕಿ ತಿಕ್ಕಿ ತೊಳೆದರು. ಬಸ್ಸು ಹತ್ತುವ ಮುಂಚೆ “ಡಾಕ್ಟ್ರ ಮುಂದೆ ಒಣತಲೆ ಚೆಂದ ಕಾಣಲ್ಲ” ಎಂದು ಅಂಗೈ ತುಂಬ ಹರಳೆಣ್ಣೆ ಸುರಿದರು. ಮತ್ತೆ ವಾಪಸ್. ಕೊನೆಗೆ ನಾನೇ ಹರಿಹರಕ್ಕೆ ಹೋಗಿ, ಎಣ್ಣೆ ಶೀಶೆಯನ್ನು ಜೇಬಿಗಿಳಿಸಿ ಇಬ್ಬರನ್ನೂ ಕರೆತಂದೆ. ದಾರಿಯಲ್ಲಿ ಬಾತಿ ಊರು ದಾಟುವ ಹೊತ್ತಿಗೆ ಶೀಶೆ ಸೋರಿ ನನ್ನ ಪ್ಯಾಂಟು ಹಾಳಾದದ್ದು ವಿಜ್ಞಾನಕ್ಕೆ ನಮ್ಮ ವಂಶದ ಕೊಡುಗೆ.

“ಕಣ್ಣು ಮುಚ್ಚಿ ಆರಾಮಾಗಿ ಮಲಗ್ರಿ ಯಜಮಾನ್ರೆ, ಏನೂ ಯೋಚ್ನೆ ಮಾಡಬ್ಯಾಡ್ರಿ” ಎಂದಳು ತಂತಿ ಅಂಟಿಸಿದ ಹುಡುಗಿ. ಪರದೆಯ ಮೇಲೆ ಗೆರೆಗಳು ಸಮನಾಗಿ ಓಡಿದವು. ಬಾಗಿಲಲ್ಲಿ ನಿಂತಿದ್ದ ಅತ್ತೆ ಬೇಕೆಂದೇ ಕೆಮ್ಮಿದರು. ಗೆರೆಗಳು ಎಗರಾಡಿದವು.

“ನೋಡಿದ್ಯಾ ಅಳಿಯಾ, ಅದೀನಿ!”

“ಅವರು ಕಣ್ಣು ಬಿಟ್ರಲ್ರಿ, ಅದಕ್ಕೆ ಹಂಗೆ” ಎಂದಳು ಹುಡುಗಿ. ಅತ್ತೆಯ ಮುಖ ಇಳಿಯಿತು.

ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಬಂದು, ತೊಂದರೆಯೇನೂ ಕಾಣುತ್ತಿಲ್ಲ ಎಂದರು. ಒಳಗೇನಿದೆ ಎಂದು ಅತ್ತೆ ಬಿಡದೆ ಕೇಳಿದಾಗ ತಾಳ್ಮೆಯಿಂದ ವಿವರಿಸಿದರು: “ಕಲ್ಯಾಣ ಮಂಟಪದ ಹೊರಗೆ ನಿಂತ್ರೆ ವಾಲಗ ಕೇಳ್ತೈತೆ. ಒಳಗೆ ಬೀಗಿತ್ತಿ ಪಿಸುಗುಟ್ಟೋದು ಕೇಳುತ್ತೇನಮ್ಮ? ಸುಮ್ಮನೆ ಮಲಗಿದ್ರೂ ಮಿದುಳಿನ ಆಳದಾಗೆ ಕೆಲ್ಸ ನಡೀತಾನೇ ಇರ್ತೈತೆ. ನೆತ್ತಿಗೆ ಬರೋ ಹೊತ್ತಿಗೆ ಅದೆಲ್ಲ ಕಲಸಿಹೋಗಿರ್ತೈತೆ.”

“ಹಂಗಾದ್ರೆ ಆಳದ್ದು ನೋಡಾಕೆ ಆಗೋದೇ ಇಲ್ವೇನ್ರಿ?”

“ತೀರಾ ಅಗತ್ಯ ಇದ್ದೋರಿಗೆ ತಲೆಬುರುಡೆಗೆ ತೂತು ಮಾಡಿ ಒಳಗೇ ತಂತಿ ಇಳಿಸ್ತಾರೆ.”

“ಇಳಿಸ್ರಿ ಮತ್ತೆ!” ಎಂದರು ಅತ್ತೆ.

ಆಗ, ತಲೆ ತುಂಬ ಪೇಸ್ಟು ಮೆತ್ತಿಕೊಂಡು ಮಲಗಿದ್ದ ಮಾವ ಎದ್ದು ಕೂತರು. “ತೂತು ಬ್ಯಾಡ. ಕೇಳಿದ್ರೆ ಹೇಳ್ತೀನಿ.”

ಅತ್ತೆ ನನ್ನನ್ನು ಕೇಳಿದ್ದರು, ಉಕ್ಕಡಗಾತ್ರಿಯ ದೇವರನ್ನು ಕೇಳಿದ್ದರು, ಈಗ ಮಷೀನನ್ನೂ ಕೇಳಿಯಾಗಿತ್ತು. ಮಾವನನ್ನು ಕೇಳುವುದೊಂದು ಉಳಿದಿತ್ತು.

“ಮಲ್ಕಂಡು ಏನು ಯೋಚ್ನೆ ಮಾಡ್ತಿದ್ರಿ?” ಅತ್ತೆ ಹತ್ತಿರ ಹೋಗಿ ಕೇಳಿದರು.

“ನೀನು ಬೆಳಿಗ್ಗಿಂದ ಏನೂ ತಿಂದಿಲ್ಲ ಅಂತ.”

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, “ಇಷ್ಟು ಹೇಳಾಕೆ ಬಾಯಾಗೇನು ಮಂಡಕ್ಕಿ ತುಂಬ್ಕಂಡಿದ್ರಾ?” ಎಂದು ಬೈದರು. ಅಷ್ಟು ಸಂತೋಷದ ಬೈಗುಳವನ್ನು ನಾನು ಮತ್ತೆ ಕೇಳಿಲ್ಲ.

ಮೊನ್ನೆ ಕ್ಷೌರ ಮುಗಿಸಿ ಮನೆಗೆ ಬಂದರೆ, ಹೆಂಡತಿ ಟೀವಿ ಆರಿಸಿ ಸುಮ್ಮನೆ ಕೂತಿದ್ದಳು. “ಏನು ಯೋಚ್ನೆ?” ಎಂದೆ.

“ಏನಿಲ್ಲ” ಎಂದಳು.

ಎಂದಿನಂತಾದರೆ ನಾನು ಪೇಪರ್ ಹಿಡಿದು ಒಳಗೆ ಹೋಗುತ್ತಿದ್ದೆ. ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ.