ಅವಳಿಗೆ ಎಲ್ಲ ಗೊತ್ತು ಎಂದವಳು ನಾನು

ಸಿಂಚನಾ, ನಿನ್ನ ವಿರುದ್ಧ ಹೇಳಿಕೆ ಕೊಟ್ಟದ್ದು ನಿನ್ನ ಟೀಚರ್ ಅಲ್ಲ. ನಾನು. ನಿನ್ನ ಹೆತ್ತ ತಾಯಿ.

ಆಗ ನಿನಗೆ ಹತ್ತು ವರ್ಷ. ಅಮೆರಿಕಕ್ಕೆ ಬಂದು ವುಡಿನ್‌ವಿಲ್‌ನ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಮನೆಯ ಹುಡುಗಿ ಬರ್ತ್‌ಡೇಗೆ ಎಲ್ಲರನ್ನೂ ಕರೆದು ನಿನ್ನೊಬ್ಬಳನ್ನೇ ಬಿಟ್ಟಳೆಂದು, ನೀನು ದೀಪಾವಳಿಯಲ್ಲಿ ಉಳಿದಿದ್ದ ಸುರ್‌ಸುರ್‌ಬತ್ತಿ ಹಚ್ಚಿ, ಅವರ ಹಿತ್ತಲಿನಲ್ಲಿದ್ದ ಅವಳ ಮರದ ಆಟದ ಮನೆಗೆ ಬೆಂಕಿಯಿಟ್ಟೆ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು — ಆದರೆ ಅವರ ಬೇಲಿಯೂ ಸುಟ್ಟುಹೋಯಿತು. ಹಚ್ಚಿದ್ದು ನಾನೇ ಎಂದು ನೀನು ಒಪ್ಪಿಕೊಂಡೆ.

ಪೊಲೀಸ್ ಅಧಿಕಾರಿ ನಮ್ಮ ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ ಕೇಳಿದರು — ಇದು ತಪ್ಪು ಅಂತ ಮಗುವಿಗೆ ತಿಳಿದಿತ್ತೇ? ನಾನು ಮಗಳನ್ನು ಬೆಳೆಸಿದ ರೀತಿಯನ್ನೇ ಅನುಮಾನಿಸುತ್ತಿದ್ದಾರೆ ಅನ್ನಿಸಿ ಮೈಯೆಲ್ಲ ಉರಿಯಿತು. ನನ್ನ ಮಗಳಿಗೆ ಸರಿ ಯಾವುದು ತಪ್ಪು ಯಾವುದು ಚೆನ್ನಾಗಿ ಗೊತ್ತು, ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೇವೆ — ಇಂಗ್ಲಿಷಿನಲ್ಲಿ ಒತ್ತಿ ಒತ್ತಿ ಹೇಳಿದೆ.

ಅವರು ಹೋದ ಮೇಲೆ ನಿನ್ನಪ್ಪ, "ಅಷ್ಟೆಲ್ಲ ಯಾಕೆ ಹೇಳಕ್ಕೆ ಹೋದೆ? ಮೊದ್ಲು ಲಾಯರ್‌ಗೆ ಕಾಲ್ ಮಾಡ್ಬೇಕಿತ್ತು" ಎಂದರು.

"ಮತ್ತೆ? ಮಗಳನ್ನ ಏನೂ ಕಲಿಸ್ದೆ ಬೆಳೆಸಿದೀವಿ ಅಂತ ಅನ್ನಿಸ್ಕೋಬೇಕಾ?" ಎಂದು ಅವರ ಮೇಲೇ ಹಾರಾಡಿದೆ.

ಆಮೇಲೆ ಲಾಯರ್ ವಿವರಿಸಿದರು. ಹನ್ನೆರಡು ತುಂಬದ ಮಗುವಿಗೆ ಅಪರಾಧದ ಅರಿವಿಲ್ಲವೆಂದೇ ಇಲ್ಲಿನ ಕಾನೂನು ಭಾವಿಸುತ್ತದಂತೆ. ಅರಿವಿತ್ತು ಎಂದು ಸರ್ಕಾರಿ ವಕೀಲರೇ ಸಾಬೀತು ಮಾಡಬೇಕಂತೆ. ಅವರ ಕೈಯಲ್ಲಿದ್ದ ದೊಡ್ಡ ಸಾಕ್ಷಿ — ನನ್ನ ಮಾತು! ಅಯ್ಯೋ ನನ್ನ ಹಾಳು ಬಾಯಿ! ಕಂಡವರ ದೇಶದ ಕಾನೂನು ನಿನ್ನನ್ನು ಮಗು ಎಂದಿತ್ತು. ಹೆತ್ತವಳು ನಾನು...

ಕೋರ್ಟಿನಲ್ಲಿ ದೊಡ್ಡವರು ಮಾತಾಡುತ್ತಿದ್ದರೆ ನೀನು ಶೂ ಲೇಸ್ ಬಿಚ್ಚುತ್ತಿದ್ದೆ, ಕಟ್ಟುತ್ತಿದ್ದೆ. ಒಂದು ಮಾತೂ ನಿನ್ನ ಕಿವಿಗೆ ಬಿದ್ದಂತಿರಲಿಲ್ಲ. ಜಡ್ಜ್ ನಿನಗೆ ಅರಿವಿತ್ತು ಎಂದರು. ಆಮೇಲೆ ವರ್ಷವೆಲ್ಲ ನಿನ್ನ ಮೇಲೆ ಕಣ್ಣಿಡುವ ಪ್ರೊಬೇಷನ್ ಆಫೀಸರ್, ಕೌನ್ಸೆಲರ್ ಎಂದು ಅಲೆದೆವು.

ಒಂದು ದಿನ ಕಾರಿನಲ್ಲಿ, ತಪ್ಪು ಅಂತ ನಿನಗೆ ಗೊತ್ತಿತ್ತೆಂದು ಅವರಿಗೆ ಹೇಳಿದ್ದು ಯಾರೆಂದು ನೀನು ಕೇಳಿದೆ, "ಅಮ್ಮಾ, ಹೂ ಟೋಲ್ಡ್ ದೆಮ್ ಐ ನ್ಯೂ?"

"ನಿಮ್ ಟೀಚರ್ ಇರ್ಬೇಕು, ಪುಟ್ಟಿ."

ಕೋರ್ಟಿನಲ್ಲಿ ಟೀಚರ್ ಹೇಳಿದ್ದು ಒಂದೇ ಮಾತು — ಇವಳಿನ್ನೂ ಮಗು ಎಂದು. ಅವರನ್ನು ದಿನಾ ಅಪ್ಪಿಕೊಳ್ಳುತ್ತಿದ್ದ ನೀನು ಅಲ್ಲಿಂದ ಮುಂದೆ ಅವರ ಮುಖ ನೋಡಲಿಲ್ಲ. ನನಗೆ — ನಾಚಿಕೆ ಬಿಟ್ಟು ಹೇಳುತ್ತೇನೆ — ಬಚಾವಾದೆ ಅನ್ನಿಸಿತು.

ಈಗ ನೀನು ಕಾಲೇಜಿನಲ್ಲಿದ್ದೀಯ. ಹೋದ ವಾರ ಟೋಟೆಮ್ ಲೇಕ್‌ನ ಅಂಗಡಿಯಲ್ಲಿ ಟೀಚರ್ ಸಿಕ್ಕರು. ತಲೆ ಪೂರ್ತಿ ನರೆತಿದೆ. ನಿನ್ನ ಸುದ್ದಿ ಕೇಳಿ, ಆಮೇಲೆ ಹಿಂಜರಿಯುತ್ತ — ನಾನು ಅವಳಿಗೇನಾದರೂ ನೋವು ಮಾಡಿದ್ದೆನೇ, ಈಗಲೂ ಯೋಚಿಸುತ್ತಿರುತ್ತೇನೆ, ಎಂದರು. ಛೇ ಛೇ, ಮಕ್ಕಳ ಬುದ್ಧಿ, ಬಿಟ್ಟುಬಿಡಿ ಎಂದೆ. ಮತ್ತೆ ನಿನ್ನ ಮೇಲೆಯೇ ಹಾಕಿದೆ, ನೋಡು!

ನಾಳೆ ಟೀಚರ್ ಮನೆಗೆ ಹೋಗಿ ನಿಜ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ತಿಳಿಯಲಿ. ನನ್ನ ಜೊತೆ ಮಾತು ಬಿಡಬೇಕೆನಿಸಿದರೆ ಬಿಡು, ಪುಟ್ಟಿ. ಅವರ ಜೊತೆ ಮಾತಾಡು.